ಬಿ ಮಗ್ಗುಲಿನ ಪಟ್ಟಿ

ಹಾಡಿನ ಪ್ಲೇಟು ಒತ್ತುವ ಆ ಕಾರ್ಖಾನೆಯಲ್ಲಿ ಆಕೆಗೆ ಬಿ ಮೇಡಂ ಎಂದೇ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬೆಚ್ಚಗೆ ಮಲಗಿತ್ತು, ಅದನ್ನು ಎಬ್ಬಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಪ್ಲೇಟಿಗೆ ಎರಡು ಮಗ್ಗುಲು, ಎ ಮತ್ತು ಬಿ. ಹೊಸ ಆಲ್ಬಮ್ಮಿನ ಮೊದಲ ಪ್ಲೇಟುಗಳು ಯಂತ್ರದಿಂದ ಇಳಿದು ತಣ್ಣಗಾದ ಮೇಲೆ ಒಂದು ಎ ಕೋಣೆಗೆ ಹೋಗುತ್ತಿತ್ತು, ಇನ್ನೊಂದು ಬಿ ಕೋಣೆಗೆ. ಬಿ ಕೋಣೆಯಲ್ಲಿ ಆಕೆ ಹೆಡ್‌ಫೋನ್ ಏರಿಸಿಕೊಂಡು, ಮುಳ್ಳು ಇಳಿಸಿ, ಬಿ ಮಗ್ಗುಲನ್ನು ಮೊದಲಿಂದ ಕೊನೆಯವರೆಗೆ ಕೇಳಬೇಕು. ಎಲ್ಲಿ ಚಟ್ ಅಂದಿತು, ಎಲ್ಲಿ ಗೊರಗೊರ ಅಂದಿತು ಎಂದು ಚೀಟಿಯಲ್ಲಿ ಬರೆಯಬೇಕು. ಎ ಮಗ್ಗುಲಿನ ಸುದ್ದಿಗೆ ಆಕೆ ಹೋಗುವಂತಿಲ್ಲ. ಅದು ಗಾಜಿನ ಆಚೆ ಕೂತವರ ಪಾಲು. ಅವರು ಎ ಸರ್.

ಪ್ಲೇಟನ್ನು ಹೀಗೆ ಪಾಲು ಮಾಡಿದವನು ಕಾರ್ಖಾನೆಯ ಹಳೆಯ ಯಜಮಾನ. ಪೂರ್ತಿ ಆಲ್ಬಮ್ ಕೇಳಿದವರು ಹಾಡಿನೊಳಗೆ ಮುಳುಗಿಬಿಡುತ್ತಾರೆ, ಅರ್ಧ ಕೇಳಿದವರ ಕಿವಿ ಎಚ್ಚರವಾಗಿರುತ್ತದೆ ಎನ್ನುವುದು ಆತನ ಸಿದ್ಧಾಂತ. ಯಜಮಾನ ತೀರಿಹೋಗಿ ಬಹಳ ಕಾಲವಾಯಿತು, ಸಿದ್ಧಾಂತ ಮಾತ್ರ ಕಲ್ಲುಗುಂಡಿನ ಹಾಗೆ ಉಳಿದುಕೊಂಡಿತ್ತು. ಹನ್ನೊಂದು ವರ್ಷ ಅರ್ಧ ಸಂಗೀತವನ್ನಷ್ಟೇ ಕೇಳಿ ಬದುಕಿದವರು ಈ ಭೂಮಿಯ ಮೇಲೆ ಅವರಿಬ್ಬರಲ್ಲದೆ ಬೇರೆ ಇದ್ದರೆ ನನಗಂತೂ ಗೊತ್ತಿಲ್ಲ.

ಇಬ್ಬರ ನಡುವೆ ಒಂದು ಗಾಜು. ಬೆಳಿಗ್ಗೆ ಬಂದಾಗ ಅವರು ಕೈ ಎತ್ತುತ್ತಾರೆ, ಈಕೆ ಕೈ ಎತ್ತುತ್ತಾಳೆ. ಆಮೇಲೆ ಇಬ್ಬರೂ ಕಿವಿ ಮುಚ್ಚಿಕೊಂಡು ಕೂರುತ್ತಾರೆ. ಊಟದ ಹೊತ್ತೂ ಬೇರೆ ಬೇರೆ. ಸಂಜೆಯ ಟೀಗೆ ಮಾತ್ರ ಇಪ್ಪತ್ತು ನಿಮಿಷ ಕ್ಯಾಂಟೀನಿನಲ್ಲಿ ಎದುರುಬದುರು ಕೂರುತ್ತಿದ್ದರು. ಆಗಲೂ ಮಾತು ಧೂಳಿನ ಬಗ್ಗೆ, ಮುಳ್ಳು ಸವೆದಿದ್ದರ ಬಗ್ಗೆ, ಹೊಸ ಹೆಡ್‌ಫೋನಿನಿಂದ ಕಿವಿ ಬೆವರುವುದರ ಬಗ್ಗೆ. ಎ ಸರ್ ಅಳೆದು ತೂಗಿ ಮಾತಾಡುವ ಪೈಕಿ. ಹನ್ನೊಂದು ವರ್ಷದಲ್ಲಿ ಅವರ ಚೀಟಿಯಲ್ಲಿ ಒಂದೇ ಒಂದು ತಪ್ಪು ಬಂದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ಅವರೂ ಹೇಳುತ್ತಿದ್ದರು.

ಆಕೆ ಒಬ್ಬಳೇ ಇದ್ದಳು. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಬೀದಿಗೆ ತೆರೆದ ಒಂದು ಕಿಟಕಿ. ಭಾನುವಾರ ತಂಗಿ ಫೋನು ಮಾಡಿ ಗಂಡ ಮಕ್ಕಳ ವರದಿಯೊಪ್ಪಿಸಿ, "ನಿಂದೇನಕ್ಕಾ ವಿಶೇಷ?" ಎನ್ನುತ್ತಿದ್ದಳು. ವಿಶೇಷವೆಂದರೆ ಆ ವಾರ ಕೇಳಿದ ಯಾವುದೋ ಹಾಡು. ಅದನ್ನು ಫೋನಿನಲ್ಲಿ ಹೇಳುವುದು ಹೇಗೆ? ಎರಡು ಸಲ ಪ್ರಯತ್ನಪಟ್ಟಿದ್ದಳು. ತಂಗಿ "ಹ್ಞೂಂ, ಹ್ಞೂಂ" ಎನ್ನುತ್ತಲೇ ಅತ್ತ ಮಗುವಿನ ಮೂಗು ಒರೆಸುತ್ತಿದ್ದಳು. ಅಂಗಡಿಯಲ್ಲಿ ಆ ಆಲ್ಬಮ್ ಕೊಂಡವರು ಸಿಕ್ಕರೂ ಅವರಿಗೆ ಬಾಯಿಪಾಠವಾಗಿರುವುದು ಎ ಮಗ್ಗುಲಿನ ಹಾಡು, ಎರಡನೆಯ ಮಗ್ಗುಲಿನ ಕೊನೆಯ ಹಾಡಿನವರೆಗೆ ಹೋದವರು ವಿರಳ. ಆಕೆಗೆ ಬೇಕಾಗಿದ್ದುದು ಬಹಳ ದೊಡ್ಡದೇನಲ್ಲ. ತಾನು ಕೇಳಿದ್ದನ್ನು ಇನ್ನೊಬ್ಬರು ಕೇಳಿರಬೇಕು, ಕೇಳಿ ಹೌದು ಅನ್ನಬೇಕು. ಅಷ್ಟೇ. ಆ ಅಷ್ಟೇ ಎನ್ನುವುದು ಹನ್ನೊಂದು ವರ್ಷದಲ್ಲಿ ಸಿಕ್ಕಿರಲಿಲ್ಲ.

ವರ್ಷದ ಕೊನೆಗೆ ಕಾರ್ಖಾನೆಯಲ್ಲೊಂದು ಪದ್ಧತಿ ಇತ್ತು. ಆ ವರ್ಷ ಒತ್ತಿದ ಆಲ್ಬಮ್ಮುಗಳಲ್ಲಿ ತಮಗಿಷ್ಟವಾದ ಹತ್ತನ್ನು ಪ್ರತಿಯೊಬ್ಬರೂ ಮನೆಗೆ ಒಯ್ಯಬಹುದು. ಆದರೆ ಬೇಕಾಬಿಟ್ಟಿ ಬಾಚಿಕೊಳ್ಳುವ ಹಾಗಿಲ್ಲ. ಒಂದರಿಂದ ಹತ್ತರವರೆಗೆ ಪಟ್ಟಿ ಬರೆದು ಸ್ಟೋರು ನೋಡಿಕೊಳ್ಳುವ ಸ್ಟೋರಮ್ಮನಿಗೆ ಕೊಡಬೇಕು. ಆಕೆ ಎಲ್ಲರ ಪಟ್ಟಿಯನ್ನೂ ಕ್ಯಾಂಟೀನಿನ ಹೊರಗಿನ ಬೋರ್ಡಿಗೆ ಚುಚ್ಚುತ್ತಿದ್ದಳು. ಎರಡು ವಾರ ಅಲ್ಲಿ ಜಾತ್ರೆ. ಪ್ಯಾಕಿಂಗಿನವನು ತನ್ನ ಮನೆಯ ಗೋಡೆಗೆ ಹೊಂದುವ ಬಣ್ಣದ ಹೊದಿಕೆಯಿರುವ ಆಲ್ಬಮ್ಮುಗಳನ್ನೇ ಆರಿಸುತ್ತಿದ್ದ. ಯಂತ್ರದವನಿಗೆ ಯಾವ ಆಲ್ಬಮ್ ಒತ್ತುವಾಗ ಯಂತ್ರ ಕೈಕೊಡಲಿಲ್ಲವೋ ಅದೇ ಶ್ರೇಷ್ಠ ಸಂಗೀತ.

ಎ ಸರ್ ಪಟ್ಟಿಗೂ ಬಿ ಮೇಡಂ ಪಟ್ಟಿಗೂ ಒಂದು ವರ್ಷವೂ ತಾಳೆಯಾಗಿರಲಿಲ್ಲ. ಅವರು ತಲೆಯ ಮೇಲೆ ಹೊತ್ತದ್ದು ಇವಳ ಪಟ್ಟಿಯಲ್ಲಿ ಇರುತ್ತಲೇ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಸ್ಟೋರಮ್ಮ ಇದನ್ನೇ ಎತ್ತಿ ಆಡಿಕೊಂಡಾಗ ಎ ಸರ್ ಟೀ ಲೋಟ ಕೆಳಗಿಟ್ಟು, "ಯಾವತ್ತಾದ್ರೂ ನಮ್ಮಿಬ್ಬರದೂ ನಂಬರ್ ಒಂದು ಒಂದೇ ಆದ್ರೆ, ಅವತ್ತು ಕೂತು ಎರಡೂ ಮಗ್ಗುಲು ಪೂರ್ತಿ ಕೇಳೋಣ ಮೇಡಂ" ಎಂದಿದ್ದರು. ಎಲ್ಲರೂ ನಕ್ಕರು. ಆಕೆಯೂ ನಕ್ಕಳು, ಆದರೆ ಆ ಮಾತನ್ನು ಎದೆಯಲ್ಲಿಟ್ಟುಕೊಂಡಳು.

ಈ ಸಲ ಪಟ್ಟಿ ಬರೆಯಲು ಕೂತಾಗ ಆಕೆ ಮೊದಲು ಕ್ಯಾಲೆಂಡರು ನೋಡಿದಳು. ಮುಂದಿನ ವಾರದ ಗುರುವಾರ ಎ ಸರ್ ಕೆಲಸದ ಕೊನೆಯ ದಿನ. ಅರವತ್ತು ತುಂಬಿತ್ತು, ಶುಕ್ರವಾರ ಬೆಳಗಿನ ರೈಲಿಗೆ ಮಗಳ ಊರಿಗೆ ಹೋಗುವವರಿದ್ದರು. ಅವರ ಮನಸ್ಸಿಗೆ ಯಾವುದು ಬಂದಿರಬಹುದು ಎಂದು ಊಹಿಸಿ ಬರೆದರೆ ಹೇಗೆ ಎಂಬ ಆಸೆ ಆಕೆಗೆ ಬಾರದೆ ಇರಲಿಲ್ಲ. ಬಂತು, ಒಂದು ಗಳಿಗೆ ಕೂತಿತು, ಹೋಯಿತು. ಕಿವಿ ನಂಬಿ ಅನ್ನ ತಿನ್ನುವವಳು ಪಟ್ಟಿಯಲ್ಲಿ ಸುಳ್ಳು ಬರೆಯಬಾರದು ಎಂದುಕೊಂಡು ಕೆಳಗಿನಿಂದ ಶುರು ಮಾಡಿದಳು.

ಹತ್ತನೆಯದು ಮಕ್ಕಳ ಪದ್ಯಗಳ ಆಲ್ಬಮ್, ಹತ್ತನೆಯದಕ್ಕೆ ಏನಾದರೂ ಒಂದು ಬೇಕಲ್ಲ ಎಂದು. ಒಂಬತ್ತನೆಯದು ನಲವತ್ತು ಜನರ ಡೋಲು ತಂಡ. ಅವರು ಬಾರಿಸುವ ರಭಸಕ್ಕೆ ಮುಳ್ಳು ಎಗರಿ ಬೀಳುತ್ತಿತ್ತು. ನಾಲ್ಕು ಸಲ ವಾಪಸ್ ಕಳಿಸಿ, ಐದನೆಯ ಸಲ ಬೈಯುವುದು ಬಿಟ್ಟು ತಾನೇ ಮೊಣಕಾಲಿನ ಮೇಲೆ ತಾಳ ಹಾಕಿದ್ದಳು. ಏಳನೆಯದು ಊರೆಲ್ಲ ತಲೆಯ ಮೇಲೆ ಹೊತ್ತು ಮೆರೆಸಿದ ಗಾಯಕನದು. ಎಲ್ಲರೂ ಗುನುಗುವ ಆ ಹಾಡು ಎ ಮಗ್ಗುಲಿನಲ್ಲಿತ್ತಂತೆ. ಇವಳ ಪಾಲಿಗೆ ಬಂದದ್ದು ಯಾರೂ ಕೇಳದ ಐದು ಹಾಡು. ಅವುಗಳ ಮೇಲಿನ ಮರುಕಕ್ಕೇ ಏಳನೆಯ ಸ್ಥಾನ ಕೊಟ್ಟಳು. ಎ ಮಗ್ಗುಲಿನಲ್ಲಿ ಜನಕ್ಕೆ ಬೇಕಾದದ್ದನ್ನು ಹಾಕುತ್ತಾರೆ, ಬಿ ಮಗ್ಗುಲಿನಲ್ಲಿ ತಮಗೆ ಬೇಕಾದದ್ದನ್ನು ಎನ್ನುವುದು ಆಕೆಯ ಹಳೆಯ ನಂಬಿಕೆ.

ನಾಲ್ಕನೆಯದು ಅಣ್ಣ ತಮ್ಮ ಇಬ್ಬರ ಪಿಟೀಲು. ನಡುವೆ ತಮ್ಮ ತಪ್ಪಿದ, ಅಣ್ಣ ನಿಲ್ಲಿಸಿ ಕಾದ, ತಮ್ಮ ಮತ್ತೆ ಹಿಡಿದ. ಅದನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದರು. ಎರಡನೆಯದರಲ್ಲಿ ಯಾರೋ ಒಂದೇ ಸ್ವರವನ್ನು ಇಪ್ಪತ್ತೆರಡು ನಿಮಿಷ ಹಿಡಿದುಕೊಂಡಿದ್ದರು. ಸ್ಟೋರಮ್ಮ ಅದನ್ನು ಕೇಳಿ, "ಇದು ಸಂಗೀತ ಅಲ್ಲ ಮೇಡಂ, ಫ್ರಿಜ್ಜು ಕೆಟ್ಟಿದೆ" ಅಂದಿದ್ದಳು. ಇರಬಹುದು. ಆದರೆ ಹದಿನೆಂಟನೆಯ ನಿಮಿಷಕ್ಕೆ ಆ ಸ್ವರ ಕೂದಲೆಳೆಯಷ್ಟು ಕೆಳಗಿಳಿಯುತ್ತಿತ್ತು. ಆಗ ಆಕೆಗೆ ಯಾರೋ ಹೆಗಲ ಮೇಲಿಂದ ಕೈ ತೆಗೆದ ಹಾಗೆ ಆಗುತ್ತಿತ್ತು.

ಒಂದನೆಯದನ್ನು ಬರೆಯಲು ಯೋಚಿಸಬೇಕಾಗಿರಲಿಲ್ಲ. ನೀರು ತೆಗೆದ ಒಂದು ಈಜುಕೊಳದ ತಳದಲ್ಲಿ ಕುರ್ಚಿ ಹಾಕಿಕೊಂಡು ಒಬ್ಬ ಹೆಂಗಸು ಹಾಡಿದ ಆಲ್ಬಮ್ ಅದು. ಹೆಸರು 'ಖಾಲಿ ಕೊಳ'. ಪಕ್ಕವಾದ್ಯವಿಲ್ಲ. ಹಾಡಿದ್ದು ಗೋಡೆಗೆ ಹೋಗಿ, ತಡವಾಗಿ ವಾಪಸ್ ಬಂದು, ಆಕೆಯ ಮುಂದಿನ ಸಾಲಿಗೆ ಜೊತೆಯಾಗುತ್ತಿತ್ತು. ಬಿ ಮಗ್ಗುಲಿನಲ್ಲಿ ನಾಲ್ಕು ಹಾಡು. ಮೂರನೆಯದರ ನಡುವೆ ಕಿರ್ ಎಂದು ಒಂದು ಸದ್ದು. ತಪ್ಪು ಸಿಕ್ಕಿತೆಂದು ಆಕೆ ಬೆರಳೆತ್ತಿದ್ದಳು. ಮತ್ತೆ ಕೇಳಿದಾಗ ಗೊತ್ತಾಯಿತು, ಅದು ಪ್ಲೇಟಿನದಲ್ಲ, ಹಾಡುವಾಕೆ ಕೂತ ಕುರ್ಚಿಯದು. ಚೀಟಿಯಲ್ಲಿ "ಕುರ್ಚಿಯ ಸದ್ದು, ತೆಗೆಯಬಾರದು" ಎಂದು ಬರೆದಳು. ಅಷ್ಟು ದೊಡ್ಡ ಖಾಲಿಯಲ್ಲಿ ಒಬ್ಬಳೇ ಕೂತು ಹಾಡುವವಳೂ ನಡುವೆ ಕಾಲು ಜೋಮು ಹಿಡಿದು ಸರಿದು ಕೂರುತ್ತಾಳಲ್ಲ ಎಂದು ಆಕೆಗೆ ಆ ದಿನವೆಲ್ಲ ಸಮಾಧಾನವಿತ್ತು.

ಬುಧವಾರ ಪಟ್ಟಿಗಳು ಬೋರ್ಡಿಗೆ ಬಂದವು. ಆಕೆ ಕೋಣೆಯಲ್ಲಿದ್ದಾಗಲೇ ಹೊರಗೆ ಗಲಾಟೆ ಕೇಳಿಸಿತು. ಸ್ಟೋರಮ್ಮ ಬಾಗಿಲು ತಳ್ಳಿಕೊಂಡು ಬಂದು, "ಎದ್ದು ಬನ್ನಿ ಮೇಡಂ, ಸೂರ್ಯ ಇವತ್ತು ಯಾವ ಕಡೆ ಹುಟ್ಟಿದಾನೋ ನೋಡಿ" ಎಂದು ಕೈ ಹಿಡಿದು ಎಳೆದುಕೊಂಡು ಹೋದಳು. ಎ ಸರ್ ಅವರ ಗುಂಡು ಗುಂಡು ಅಕ್ಷರ. ಒಂದು: ಖಾಲಿ ಕೊಳ.

ಎ ಸರ್ ಅಲ್ಲೇ ನಿಂತಿದ್ದರು. ಯಂತ್ರದವನು ಸಿಳ್ಳೆ ಹೊಡೆದ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಹಾಗಾದ್ರೆ ಭಾನುವಾರ ನಾಲ್ಕು ಗಂಟೆಗೆ ಬರ್ಲಾ ಮೇಡಂ? ನನ್ನ ಮನೆಯಲ್ಲಿ ಎಲ್ಲಾ ಗಂಟು ಕಟ್ಟಿ ಆಗಿದೆ" ಎಂದರು.

"ಬನ್ನಿ ಸರ್" ಎಂದಳು.

ಮುಂದಿನ ಎರಡು ದಿನ ಆಕೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇದು ಪ್ರೀತಿಯೋ ಪ್ರೇಮವೋ ಎಂದು ಕೇಳಬೇಡಿ, ಆಕೆಯನ್ನು ಕೇಳಿದ್ದರೆ ಹೆಡ್‌ಫೋನ್ ಹಾಕಿಕೊಂಡುಬಿಡುತ್ತಿದ್ದಳು. ಕಿಟಕಿಯ ಗಾಜು ಒರೆಸಿದಳು. ಪರದೆ ಒಗೆದಳು. ಬಿಸ್ಕತ್ತು ತಂದಳು. ತಂಗಿಗೆ ಭಾನುವಾರದವರೆಗೆ ಕಾಯದೆ ತಾನೇ ಫೋನು ಮಾಡಿದಳು.

"ಯಾರೋ ಬರ್ತಿದಾರಾ? ನಿನ್ನ ಮನೆಗಾ?" ತಂಗಿಯ ದನಿ ಒಂದು ಮೆಟ್ಟಿಲು ಮೇಲೇರಿತು. "ಅಕ್ಕಾ, ಮೊದಲು ಒಂದು ಹೇಳು. ಎರಡನೇ ಕುರ್ಚಿ ಇದೆಯಾ?"

ಇರಲಿಲ್ಲ. ಅದು ಆಕೆಗೆ ಹೊಳೆದೇ ಇರಲಿಲ್ಲ. ಕೆಳಗಿನ ಮಹಡಿಯ ದರ್ಜಿಯ ಮನೆಯಿಂದ ಒಂದು ಕುರ್ಚಿ ಕೇಳಿ ತಂದಳು.

ಶನಿವಾರ ಮಧ್ಯಾಹ್ನ ಸ್ಟೋರಮ್ಮ ಬಿ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಕೈಯಲ್ಲಿ ಒಂದು ಪ್ಲೇಟು, ಒಂದು ಕಾಗದ. ಎ ಸರ್ ಅವತ್ತು ರೈಲಿನ ಟಿಕೇಟಿನ ಕೆಲಸಕ್ಕೆಂದು ಅರ್ಧ ದಿನ ರಜೆ ಹಾಕಿದ್ದರು.

"ಹೇಗೆ ಹೇಳಬೇಕೋ ಗೊತ್ತಾಗ್ತಿಲ್ಲ ಮೇಡಂ. ನಿಮ್ಮ ಕೊಳದ ಹೆಂಗಸು. ಅಂಗಡಿಯಿಂದ ವಾಪಸ್ ಬಂದಿದೆ. ಎರಡು ಮಗ್ಗುಲೂ ಒಂದೇ ಅಂತೆ."

"ಒಂದೇ ಅಂದ್ರೆ?"

"ಅದೇ ಹಾಡು, ಎರಡೂ ಕಡೆ. ಯಂತ್ರಕ್ಕೆ ಎ ಅಚ್ಚು ಒಂದು, ಬಿ ಅಚ್ಚು ಒಂದು ಹಾಕೋ ಬದಲು ಎರಡೂ ಬಿ ಅಚ್ಚೇ ಹಾಕ್ಬಿಟ್ಟಿದಾರೆ. ಐನೂರು ಪ್ಲೇಟು ಹಾಗೇ ಹೋಗಿದೆ."

ಆಕೆ ಚೀಟಿಗಳ ಪೆಟ್ಟಿಗೆ ತೆಗೆದು ಹುಡುಕಿದಳು. ಎ ಮಗ್ಗುಲಿನ ಚೀಟಿಯಲ್ಲಿ ಎ ಸರ್ ಅಕ್ಷರ: "ಮೂರನೆಯ ಹಾಡು, ನಡುವೆ. ಕುರ್ಚಿ. ಇರಲಿ."

ಅವರು ಕೇಳಿದ್ದು ಇವಳ ಮಗ್ಗುಲು. ಗಾಜಿನ ಆಚೆ ಈಚೆ ಕೂತು ಇಬ್ಬರೂ ಒಂದೇ ಹಾಡನ್ನು ಕೇಳಿದ್ದರು, ಆ ಒಂದು ಸಲ ಮಾತ್ರ.

ಪಟ್ಟಿ ತಾಳೆಯಾದದ್ದು ಸುಳ್ಳು ಎಂದು ಮೊದಲು ಅನ್ನಿಸಿತು. ಸ್ವಲ್ಪ ಹೊತ್ತಿಗೆ ಅದೇ ವಿಷಯ ಇನ್ನೊಂದು ರೀತಿಯಲ್ಲಿ ಹೊಳೆಯಿತು. ಸುಳ್ಳು ಯಾಕಾಗಬೇಕು? ಹನ್ನೊಂದು ವರ್ಷ ತಾಳೆಯಾಗದೆ ಇದ್ದದ್ದು ಇಬ್ಬರೂ ಬೇರೆ ಬೇರೆ ಹಾಡು ಕೇಳುತ್ತಿದ್ದರಿಂದ. ಒಂದೇ ಹಾಡು ಕೇಳಿದ ಏಕೈಕ ಸಲ ಇಬ್ಬರೂ ಅದನ್ನೇ ಎಲ್ಲಕ್ಕಿಂತ ಮೇಲಿಟ್ಟಿದ್ದರು. ಹಾಗಾದರೆ ಇಷ್ಟು ವರ್ಷ ತನ್ನ ಕಿವಿಯಂಥದೇ ಇನ್ನೊಂದು ಕಿವಿ ಮೂರಡಿ ದೂರದಲ್ಲಿ ಇತ್ತು. ಇಷ್ಟು ವರ್ಷ. ಆಕೆಗೆ ಸಂತೋಷವಾಯಿತು, ಸಂತೋಷದ ಹಿಂದೆಯೇ ಸಂಕಟವಾಯಿತು.

"ಸೋಮವಾರ ಮ್ಯಾನೇಜರಿಗೆ ಹೇಳ್ತೀನಿ" ಎಂದಳು ಸ್ಟೋರಮ್ಮ. "ಹೇಳ್ಲೇಬೇಕು, ಬೇರೆ ದಾರಿ ಇಲ್ಲ. ಆದ್ರೆ ನಿಮ್ಮ ಭಾನುವಾರ ಮುಗೀಲಿ. ನನ್ನ ಬಾಯಿಗೆ ಬೀಗ."

ಭಾನುವಾರ ನಾಲ್ಕಕ್ಕೆ ಸರಿಯಾಗಿ ಎ ಸರ್ ಬಂದರು. ಇಸ್ತ್ರಿ ಮಾಡಿದ ಅಂಗಿ. ಬೂಟು ಹೊರಗೆ ಬಿಟ್ಟು, ಕೋಣೆಯನ್ನು ಒಮ್ಮೆ ನೋಡಿ, "ಪ್ರತಿಧ್ವನಿ ಕಡಿಮೆ, ಒಳ್ಳೇ ಕೋಣೆ" ಎಂದರು. ಅವರ ಬಾಯಲ್ಲಿ ಅದು ಬಹಳ ದೊಡ್ಡ ಹೊಗಳಿಕೆ. ದರ್ಜಿಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಆಕೆ ತನ್ನ ಪಟ್ಟಿಯ ಲೆಕ್ಕಕ್ಕೆ ಸ್ಟೋರಿನಿಂದ ತಂದಿದ್ದ ಪ್ಲೇಟಿನ ಎ ಮಗ್ಗುಲು ಮೇಲೆ ಮಾಡಿ ಮುಳ್ಳು ಇಳಿಸಿದಳು.

ಹೆಡ್‌ಫೋನ್ ಇಲ್ಲದೆ, ಚೀಟಿ ಇಲ್ಲದೆ, ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಆಕೆ ಹಾಡು ಕೇಳಿದ್ದು ಬಹಳ ವರ್ಷಗಳ ಮೇಲೆ. ಮೊದಲ ಹಾಡು ಹೋಯಿತು. ಎರಡನೆಯದು ಹೋಯಿತು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು, ಇಬ್ಬರೂ ತಿರುಗಲಿಲ್ಲ. ಮೂರನೆಯ ಹಾಡಿನಲ್ಲಿ ಕಿರ್ ಎಂದಿತು. ಅಭ್ಯಾಸಬಲ, ಇಬ್ಬರ ಬೆರಳೂ ಒಟ್ಟಿಗೆ ಮೇಲೆದ್ದವು. ಒಬ್ಬರನ್ನೊಬ್ಬರು ನೋಡಿಕೊಂಡರು. ಎ ಸರ್ ನಕ್ಕರು. ಅವರು ಹಲ್ಲು ಕಾಣುವ ಹಾಗೆ ನಕ್ಕದ್ದನ್ನು ಆಕೆ ನೋಡಿದ್ದು ಅದೇ ಮೊದಲು. ಈ ಕ್ಷಣ ಇಲ್ಲೇ ನಿಂತುಬಿಡಲಿ ಎಂದು ಆಕೆಗೆ ಅನ್ನಿಸಿತು. ನಿಲ್ಲುತ್ತದೆಯೇ? ನಾಲ್ಕನೆಯ ಹಾಡೂ ಮುಗಿಯಿತು.

"ಇನ್ನು ನಿಮ್ಮ ಮಗ್ಗುಲು" ಎಂದು ಎ ಸರ್ ಎದ್ದರು.

"ಕೂತ್ಕೊಳಿ ಸರ್. ಟೀ ಮಾಡ್ತೀನಿ. ಬೇಕಾದ್ರೆ ಇದನ್ನೇ ಇನ್ನೊಂದು ಸಲ ಹಾಕೋಣ."

"ಮಾತು ಅಂದ್ರೆ ಮಾತು ಮೇಡಂ. ಎರಡೂ ಮಗ್ಗುಲು ಅಂತ ತಾನೇ ಆಗಿದ್ದು? ಆ ಗಾಜಿನಾಚೆ ಕೂತು ಏನು ಕೇಳ್ತೀರಪ್ಪಾ ಅಂತ ಹನ್ನೊಂದು ವರ್ಷದಿಂದ ನಾನೂ ಕಾದಿದೀನಿ."

ಅದನ್ನು ಕೇಳಿ ಆಕೆಗೆ ತಡೆಯುವ ಶಕ್ತಿಯೇ ಹೋಯಿತು. ಅವರು ಪ್ಲೇಟಿನ ಅಂಚನ್ನು ಎರಡು ಅಂಗೈಯಲ್ಲಿ ಹಿಡಿದು ತಿರುವಿ ಹಾಕಿ, ಮುಳ್ಳು ಇಳಿಸಿ, ಬಂದು ಕೂತರು.

ಅದೇ ಹೆಂಗಸು, ಅದೇ ಸಾಲು. ಎರಡನೆಯ ಪದಕ್ಕೇ ಎ ಸರ್ ಬೆರಳು ಮೇಲೆದ್ದಿತು, ಮೇಲೆಯೇ ನಿಂತಿತು. ಒಂದು ಹಾಡು ಪೂರ್ತಿ ಹಾಗೇ ಕೇಳಿದರು. ಆಮೇಲೆ ಎದ್ದು ಮುಳ್ಳು ಎತ್ತಿ, ಪ್ಲೇಟನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದು, ಹಾಡು ಹಾಡಿನ ನಡುವಿನ ಗೆರೆಗಳನ್ನು ಎಣಿಸಿದರು. "ನಾಲ್ಕು" ಎಂದರು. ತಿರುವಿದರು. "ನಾಲ್ಕು." ಲೇಬಲ್ಲು ಓದಿದರು. ಎ ಮಗ್ಗುಲು, ಐದು ಹಾಡು.

"ನಿಮಗೆ ಗೊತ್ತಿತ್ತಾ ಮೇಡಂ?"

"ನಿನ್ನೆ ಗೊತ್ತಾಯ್ತು."

"ಮೊದಲೇ ಹೇಳ್ಬೇಕಿತ್ತು."

"ಹೇಳಿದ್ರೆ ನೀವು ಬರ್ತಿರಲಿಲ್ಲ."

ಅವರು ಪ್ರಾಮಾಣಿಕವಾಗಿ ಯೋಚಿಸಿದರು. "ಬರ್ತಿರಲಿಲ್ಲ" ಎಂದರು.

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಡಿಸಿ, ಕೊನೆಗೆ ಧೈರ್ಯ ತಂದುಕೊಂಡಳು. "ಸರ್, ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ನೀವು ಕೇಳಿದ್ದು ನನ್ನ ಮಗ್ಗುಲು. ನಾನು ಕೇಳಿದ್ದನ್ನೇ ನೀವೂ ಕೇಳಿದ್ರಿ. ಅದು ನಿಮಗೆ ಎಲ್ಲಕ್ಕಿಂತ ಹಿಡಿಸಿತು, ನನಗೂ ಹಿಡಿಸಿತು. ನನಗೆ ಅದು ಬಹಳ ದೊಡ್ಡದು ಸರ್. ಪಟ್ಟಿ ಗಿಟ್ಟಿ ಹಾಳಾಗಿ ಹೋಗಲಿ."

"ಅದೇ ತಪ್ಪಾಗಿದ್ದು ಮೇಡಂ" ಎಂದರು ಎ ಸರ್. "ಹಿಡಿಸಿಬಿಡ್ತು. ಹಿಡಿಸಿದ್ದಕ್ಕೇ ಎಣಿಸೋದು ಮರೆತೆ. ಐದಿರಬೇಕಾದ ಕಡೆ ನಾಲ್ಕಿದೆ, ಮಗು ಕೂಡ ಎಣಿಸುತ್ತೆ. ನಾನು ಕಣ್ಣು ಮುಚ್ಕೊಂಡು ಕೂತಿದ್ದೆ. ಕೆಲಸದ ಹೊತ್ತಲ್ಲಿ, ಕಣ್ಣು ಮುಚ್ಕೊಂಡು."

ಅವರಿಗೆ ಅದು ತಲೆ ತಗ್ಗಿಸುವ ವಿಷಯ. ಆಕೆಗೋ, ತನ್ನ ಹಾಡಿನ ಬಗ್ಗೆ ಯಾರೂ ಅದಕ್ಕಿಂತ ಒಳ್ಳೆಯ ಮಾತು ಆಡಿರಲಿಲ್ಲ. ಆದರೆ ಹೀಗೆ ಕುಗ್ಗಿ ಕೂತವರ ಮುಂದೆ ಅದನ್ನು ಹೇಳುವುದು ಹೇಗೆ?

ಎ ಸರ್ ಅಂಗಿಯ ಜೇಬಿನಿಂದ ಚೀಟಿ ಪುಸ್ತಕ ತೆಗೆದರು. ಭಾನುವಾರವೂ ಅದು ಅವರ ಜೇಬಿನಲ್ಲೇ ಇರುತ್ತಿತ್ತು. ಆಕೆಯ ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆ ಸರಿಸಿ ಬರೆಯತೊಡಗಿದರು. ದೋಷ: ಎರಡೂ ಮಗ್ಗುಲಿನಲ್ಲಿ ಒಂದೇ ಹಾಡು. ಕಾರಣ: ಎ ಮಗ್ಗುಲು ಕೇಳಿದವರ ಅಲಕ್ಷ್ಯ. ದೋಷದ ಚೀಟಿಗೆ ಇಬ್ಬರ ಸಹಿಯೂ ಬೇಕು ಎನ್ನುವುದು ನಿಯಮ. ಅವರು ಸಹಿ ಹಾಕಿ ಪೆನ್ನು ಮುಂದೆ ಚಾಚಿದರು.

"ಅಲಕ್ಷ್ಯ ಅಂತ ಬೇಡ ಸರ್. ಹಿಡಿಸಿತು ಅಂತಲೇ ಬರೀರಿ."

"ಈ ಚೀಟೀಲಿ ಅದಕ್ಕೆ ಜಾಗ ಇಲ್ಲ ಮೇಡಂ."

ಆಕೆ ಸಹಿ ಹಾಕಿದಳು. ಅವರು ಪ್ಲೇಟನ್ನು ಹೊದಿಕೆಗೆ ಸೇರಿಸಿ ಕಂಕುಳಲ್ಲಿಟ್ಟುಕೊಂಡರು. "ಇದೂ ವಾಪಸ್ ಹೋಗ್ಬೇಕು. ದೋಷ ಇರೋದೆಲ್ಲ ಪುಡಿ ಮಾಡಿ ಕರಗಿಸೋದು ತಾನೇ ನಿಯಮ. ನಿಮಗೆ ಸರಿಯಾದ್ದು ಬರುತ್ತೆ. ನನ್ನ ಪಟ್ಟಿ ಕೂಡ ನಾಳೆ ತಿದ್ದುತೀನಿ. ನನ್ನ ಪಾಲಿಗೆ ಬರದೇ ಇದ್ದದ್ದನ್ನ ನಂಬರ್ ಒಂದು ಅನ್ನೋ ಹಕ್ಕು ನನಗಿಲ್ಲ." ಬೂಟು ಹಾಕಿಕೊಂಡು, ಮೆಟ್ಟಿಲ ಬಳಿ ಒಂದು ಗಳಿಗೆ ನಿಂತು, ಏನೋ ಹೇಳಲು ಹೋಗಿ, "ಬರ್ತೀನಿ ಮೇಡಂ" ಎಂದಷ್ಟೇ ಹೇಳಿ ಇಳಿದುಹೋದರು. ಟೀಗೆಂದು ಅಳೆದಿಟ್ಟ ನೀರು ಒಳಗೆ ಹಾಗೇ ಉಳಿದಿತ್ತು.

ಸೋಮವಾರ ಕಾರ್ಖಾನೆಯಲ್ಲಿ ಸಣ್ಣ ಗದ್ದಲವಾಯಿತು. ಮ್ಯಾನೇಜರು ಯಂತ್ರದವನಿಗೆ ಬೈದರು, ಎ ಸರ್ ಅವರಿಗೆ ಬೈಯಲು ಅವರಿಗೂ ಬಾಯಿ ಬರಲಿಲ್ಲ. ಸರಿಯಾದ ಅಚ್ಚು ಹಾಕಿ ಹೊಸ ಪ್ಲೇಟು ಒತ್ತಿದರು. ಎ ಸರ್ ಅದರ ಎ ಮಗ್ಗುಲನ್ನು ಕೇಳಿದರು. ಗಾಜಿನ ಈಚೆಯಿಂದ ಆಕೆ ನೋಡುತ್ತಲೇ ಇದ್ದಳು. ಅವರ ಕಣ್ಣು ತೆರೆದೇ ಇತ್ತು. ಒಂದೊಂದು ಹಾಡು ಮುಗಿದಾಗಲೂ ಒಂದೊಂದು ಬೆರಳು ಮಡಚಿದರು, ಐದು ಬೆರಳು. ಸಂಜೆ ಟೀಗೆ ಬಂದಾಗ "ಸುಮಾರಾಗಿದೆ" ಎಂದರು. "ಹತ್ತರಲ್ಲಿ ಬರೋ ಅಷ್ಟಿಲ್ಲ."

ಅಲ್ಲಿಗೆ ತಾಳೆಯ ಕಥೆ ಮುಗಿಯಿತು ಎಂದುಕೊಂಡಳು. ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಖಾಲಿ ಕೊಳದ ಜಾಗಕ್ಕೆ ಅವರು ಯಾವುದನ್ನು ಏರಿಸಿದ್ದಾರೋ ಅದರ ಹೆಸರು ಕಣ್ಣಿಗೆ ಬೀಳಬಾರದು ಎಂದು ಕ್ಯಾಂಟೀನಿಗೆ ಹಿಂದಿನ ಬಾಗಿಲಿನಿಂದ ಹೋಗಿಬಂದಳು. ಗುರುವಾರ ಎಲ್ಲರೂ ಸೇರಿ ಎ ಸರ್ ಅವರಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಮ್ಯಾ‌ನೇಜರು ನಾಲ್ಕು ಮಾತಾಡಿದರು. ಹೊರಡುವ ಮುಂಚೆ ಎ ಸರ್ ತಮ್ಮ ಕೋಣೆಗೆ ಹೋಗಿ ದೀಪ ಆರಿಸಿ, ಗಾಜಿನ ಆಚೆಯಿಂದ ಕೈ ಎತ್ತಿದರು. ಆಕೆಯೂ ಕೈ ಎತ್ತಿದಳು.

ಶುಕ್ರವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಸ್ಟೋರಮ್ಮ ಕೂಗಿ ಕರೆದಳು. ಬೋರ್ಡಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನೀವೇ ಒಂದು ತೀರ್ಮಾನ ಹೇಳಿ ಮೇಡಂ. ಎ ಸರ್ ಪ್ಲೇಟುಗಳನ್ನ ಇವತ್ತು ಪಾರ್ಸೆಲ್ ಮಾಡ್ಬೇಕು. ಹತ್ತು ಕಳಿಸ್ಬೇಕು, ಪಟ್ಟೀಲಿ ಒಂಬತ್ತೇ ಇದೆ."

ಆಕೆ ನೋಡಿದಳು. ಎರಡರಿಂದ ಹತ್ತರವರೆಗೆ ಎಲ್ಲ ಮೊದಲಿದ್ದ ಹಾಗೇ ಇತ್ತು. 'ಖಾಲಿ ಕೊಳ' ಎಂಬುದರ ಮೇಲೆ ಸ್ಕೇಲಿಟ್ಟು ಎಳೆದ ನೇರವಾದ ಒಂದು ಗೆರೆ. ಒಂದು ಎಂಬ ಅಂಕಿಯ ಮುಂದೆ ಬೇರೇನೂ ಇರಲಿಲ್ಲ.

"ನಾನು ಸೋಮವಾರನೇ ಹೇಳ್ದೆ" ಎಂದಳು ಸ್ಟೋರಮ್ಮ. "ಎರಡನೇದನ್ನ ಮೇಲಕ್ಕೆ ತನ್ನಿ ಸರ್, ಕೆಳಗೊಂದು ಸೇರಿಸಿ, ಹತ್ತಾಗುತ್ತೆ ಅಂತ. ಆಗಲ್ಲ ಅಂದ್ರು. ಯಾಕೆ ಅಂದೆ. ಆ ಜಾಗ ತುಂಬಿದೆ ಅಂದ್ರು! ಖಾಲಿ ಇಟ್ಕೊಂಡು ತುಂಬಿದೆ ಅಂತಾರಲ್ಲ ಮೇಡಂ, ವಯಸ್ಸಾಯ್ತು, ಏನು ಮಾಡೋದು. ನಾನೇ ಯಾವುದಾದ್ರೂ ಒಂದು ಸೇರಿಸ್ಲಾ?"

"ಬೇಡ" ಎಂದಳು ಆಕೆ. "ಒಂಬತ್ತೇ ಕಳಿಸಿ."

ಆಕೆಗೆ ಸಿಟ್ಟು ಬಂತು. ಸ್ಟೋರಿನ ಕಿಟಕಿಯಲ್ಲಿ ನಿಂತು ಹೇಳಿದ್ದನ್ನು ಟೀ ಲೋಟ ಹಿಡಿದು ಎದುರಿಗೆ ಕೂತಿದ್ದಾಗ ಹೇಳಲು ಆ ಮನುಷ್ಯನಿಗೆ ಏನು ಧಾಡಿಯಾಗಿತ್ತು? ಮೆಟ್ಟಿಲ ಬಳಿ ಬಾಯಿಗೆ ಬಂದದ್ದು ಇದೇ ಆಗಿದ್ದರೆ ಅಲ್ಲೇ ಉದುರಿಸಿಬಿಡುವುದಕ್ಕೆ ಏನಾಗಿತ್ತು? ಸಿಟ್ಟಿನ ಹಿಂದೆ ಅಳು ಬಂತು, ಅದನ್ನು ತಡೆಯುವ ಗೋಜಿಗೆ ಆಕೆ ಹೋಗಲಿಲ್ಲ. ಸ್ಟೋರಮ್ಮ ಗಾಬರಿಯಾಗಿ, "ಅಯ್ಯೋ, ಏನಾಯ್ತು ಮೇಡಂ, ನಾನೇನಂದೆ ಈಗ?" ಎಂದು ಭುಜ ಹಿಡಿದುಕೊಂಡಳು. ಆಕೆ ತಲೆಯಲ್ಲಾಡಿಸಿದಳು. ಇದನ್ನು ಹೇಳಿಕೊಂಡರೆ ಅರ್ಥವಾಗುವವರು ಒಬ್ಬರೇ ಇದ್ದರು, ಅವರು ಬೆಳಗಿನ ರೈಲಿಗೆ ಹೊರಟುಹೋಗಿದ್ದರು.